ಜೊತೆಗೆ ಒಬ್ಬರು

ಟಿಕ್ ಎಂದಿತು. ಸ್ವಲ್ಪ ತಡೆದು ಮತ್ತೊಮ್ಮೆ, ಟಿಕ್.

ಆ ಮನೆಯ ರಾತ್ರಿಯ ಸದ್ದುಗಳೆಲ್ಲ ತಾಯಿಗೆ ಬಾಯಿಪಾಠ. ಚಿಕ್ಕವಳ ಗಂಟಲಿನ ಗೊರಗೊರ, ಅತ್ತೆಯ ಕೆಮ್ಮು, ಬಚ್ಚಲ ನಲ್ಲಿ ತೊಟ್ಟಿಕ್ಕುವುದು, ಮೇಲಿನ ಮನೆಯವರ ಮಂಚ ಕಿರುಗುಟ್ಟುವುದು. ಇದು ಅವುಗಳಲ್ಲಿ ಯಾವುದೂ ಅಲ್ಲ. ಅವಳು ಮೊದಲು ಕೈ ಚಾಚಿ ಚಿಕ್ಕವಳ ಎದೆ ಮುಟ್ಟಿದಳು. ಏರಿ ಇಳಿಯುತ್ತಿತ್ತು. ಆಮೇಲೆ ಎದ್ದು ನಡುಕೋಣೆಗೆ ಬಂದಳು.

ದೊಡ್ಡ ಮಗಳು ದೀಪ ಹಾಕದೆ ನೆಲದ ಮೇಲೆ ಕೂತಿದ್ದಳು. ಎದುರಿಗೆ ಸೂಟ್‌ಕೇಸ್, ಎರಡೂ ಚಿಲಕ ತೆರೆದಿದ್ದವು. ತಾಯಿ ಇಸ್ತ್ರಿ ಮಾಡಿ ಇಟ್ಟಿದ್ದ ತನ್ನ ನೀಲಿ ಬಟ್ಟೆ, ಬೂದು ಸ್ವೆಟರು ಹೊರಗೆ ಬಂದು ಕುರ್ಚಿಯ ಮೇಲೆ ನೀಟಾಗಿ ಕೂತಿದ್ದವು.

"ಬೆಳಗಾಗೋವರೆಗೂ ತಡೆಯೋಕಾಗಲಿಲ್ವಾ?"

"ಬೆಳಗ್ಗೆ ತೆಗೆದರೆ ನಿನ್ನ ಮುಖ ನೋಡ್ಕೊಂಡು ತೆಗೀಬೇಕಾಗಿತ್ತು. ಅದಕ್ಕೇ ಈಗ."

"ಆ ಸೂಟ್‌ಕೇಸು ಲಾಂಡ್ರಿ ಯಜಮಾನಿ ನನಗೆ ಅಂತ ಕೊಟ್ಟಿದ್ದು."

"ಅದಕ್ಕೇನು ಗೊತ್ತು, ಯಾರ ಬಟ್ಟೆ ಅಂತ?" ದೊಡ್ಡವಳು ತಗ್ಗಿದ ದನಿಯಲ್ಲೇ ಹೇಳಿದಳು. "ಅಮ್ಮಾ, ನಾನೇನು ಬಾಯಿಬಿಟ್ಟು ಕೇಳಿರಲಿಲ್ಲ. ಅವಳೇ ಹೇಳಿದ್ದು."

ಹೌದು, ಅವಳೇ ಹೇಳಿದ್ದು. ತಾಯಿಯ ಗಂಟಲಲ್ಲಿ ಸಿಕ್ಕಿಕೊಂಡಿದ್ದ ತುತ್ತು ಅದೇ.

ಕಾಯಿಲೆಯ ಮಕ್ಕಳನ್ನೂ ಅಂಗವಿಕಲ ಮಕ್ಕಳನ್ನೂ ವರ್ಷಕ್ಕೊಮ್ಮೆ ವಿಮಾನದಲ್ಲಿ ಕೂರಿಸಿಕೊಂಡು ಬೇರೆ ದೇಶದ ಕಡಲ ದಂಡೆಗೆ ಕರೆದೊಯ್ಯುವ ಒಂದು ಟ್ರಸ್ಟು ಇತ್ತು. ಖರ್ಚೆಲ್ಲ ಅವರದೇ. ಆಸ್ಪತ್ರೆಯವರೇ ಚಿಕ್ಕವಳ ಹೆಸರನ್ನು ಅಲ್ಲಿಗೆ ಕಳಿಸಿದ್ದರು. ಹುಟ್ಟಿನಿಂದಲೇ ಸ್ನಾಯು ಸೊರಗುವ ಕಾಯಿಲೆ ಅವಳಿಗೆ. ಬೆರಳು ಆಡುತ್ತವೆ, ಮಣಿಕಟ್ಟು ಒಂದಿಷ್ಟು ತಿರುಗುತ್ತದೆ, ಉಳಿದದ್ದನ್ನೆಲ್ಲ ಬೇರೆಯವರು ಮಾಡಬೇಕು. "ಮೈಗೆ ಬರಬೇಕಾದ ಶಕ್ತಿಯೆಲ್ಲ ನಾಲಿಗೆಗೆ ಹೋಗಿ ಕೂತಿದೆ" ಎಂದು ಅಜ್ಜಿ ಅವಳಿಗೆ ಮೆಣಸು ಎಂದು ಹೆಸರಿಟ್ಟಿದ್ದಳು. ಮನೆಯಲ್ಲಿ ಎಲ್ಲರಿಗೂ ಅವಳು ಮೆಣಸೇ.

ಮಗುವಿನ ಜೊತೆಗೆ ಮನೆಯವರು ಒಬ್ಬರು ಹೋಗಬಹುದು. ಯಾರೆಂದು ಮಗುವೇ ಆರಿಸಬೇಕು, ಅದು ಟ್ರಸ್ಟಿನ ಪದ್ಧತಿ. ತಾಯಿ ಆ ಮಾತನ್ನು ಕೇಳಿಸಿಕೊಂಡಿದ್ದಳು, ಆದರೆ ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ. ಇನ್ನು ಯಾರನ್ನು ಆರಿಸುತ್ತಾಳೆ? ಲಾಂಡ್ರಿಯಲ್ಲಿ ರಜೆ ಕೇಳಿಯಾಗಿತ್ತು. ಇಸ್ತ್ರಿ ಮೇಜಿಗೆ ಬಂದವರಿಗೆಲ್ಲ ಹೇಳಿಯೂ ಆಗಿತ್ತು. ಟ್ರಸ್ಟಿನ ಮೇಡಂ ಮೊಣಕಾಲೂರಿ ಕೂತು, ಮಗುವಿನ ಕಣ್ಣಿಗೆ ಕಣ್ಣು ಕೊಟ್ಟು, "ಯಾರು ಬರಬೇಕು ನಿನ್ನ ಜೊತೆ?" ಎಂದಾಗ ತಾಯಿ ಆಗಲೇ ಅರ್ಧ ನಕ್ಕಿದ್ದಳು.

"ಅಕ್ಕ" ಎಂದಿತ್ತು ಮೆಣಸು.

*

ತಂದೆಗೆ ಬೇಕರಿಯಲ್ಲಿ ರಾತ್ರಿ ಪಾಳಿ. ಬೆಳಗ್ಗೆ ಹುಬ್ಬಿಗೆಲ್ಲ ಹಿಟ್ಟು ಮೆತ್ತಿಕೊಂಡು, ಅಂದು ಅಂಚು ಸೀದ ಬ್ರೆಡ್ಡುಗಳನ್ನು ಕಂಕುಳಲ್ಲಿ ಇಟ್ಟುಕೊಂಡು ಬರುತ್ತಿದ್ದ. ಅವನ ರಾತ್ರಿಯೂಟ, ಉಳಿದವರ ಬೆಳಗಿನ ತಿಂಡಿ ಒಂದೇ ಮೇಜಿನ ಮೇಲೆ ನಡೆಯುತ್ತಿತ್ತು. ಜಗಳಗಳೂ ಅಲ್ಲೇ.

"ಹೋಗಲಿ ಬಿಡೇ, ದೊಡ್ಡವಳೂ ಎಲ್ಲಿಗೆ ಹೋಗಿದಾಳೆ ಪಾಪ" ಎಂದ ತಂದೆ, ಬ್ರೆಡ್ಡನ್ನು ಸೂಪಿನಲ್ಲಿ ಅದ್ದುತ್ತ.

"ನಾನು ಎಲ್ಲಿಗೆ ಹೋಗಿದೀನಿ?"

"ನೀನೂ ಹೋಗಿಲ್ಲ. ನಾನೂ ಹೋಗಿಲ್ಲ. ಒಲೆ ಬಾಯಿಂದ ಮನೆ ಬಾಗಿಲಿಗೆ, ಮನೆ ಬಾಗಿಲಿಂದ ಒಲೆ ಬಾಯಿಗೆ."

"ಈ ಮನೇಲಿ ವಿದೇಶಕ್ಕೆ ಹೋಗಬೇಕು ಅಂದರೆ ಮೊದಲು ಕಾಯಿಲೆ ಬರಬೇಕು" ಎಂದಳು ದೊಡ್ಡವಳು.

ಚಿಕ್ಕವಳ ಬಾಯಿಗೆ ಚಮಚ ಹಿಡಿದಿದ್ದ ತಾಯಿಯ ಕೈ ಅರ್ಧದಲ್ಲೇ ನಿಂತಿತು. ಮೆಣಸು ಬಾಯಿ ತೆರೆದುಕೊಂಡು ಕಾದು, ಕೊನೆಗೆ ತಾನೇ ಹೇಳಿತು, "ನಂಗೆ ಬಂದಿದ್ದು ಸಾಲದಾ? ನಂದರಲ್ಲೇ ನೀನೂ ಬಾ ಅಂತಿದೀನಲ್ಲ. ಅಮ್ಮಾ, ಚಮಚ."

ಅಜ್ಜಿ ಕಿಸಕ್ಕನೆ ನಕ್ಕಳು. ತಾಯಿಗೆ ನಗು ಬರಲಿಲ್ಲ.

"ಇವಳಿಗೆ ಏನು ಗೊತ್ತು ಅಂತ ಕಳಿಸೋದು? ಚಪ್ಪಲಿ ಅಂಗಡಿಯಲ್ಲಿ ಜನರ ಕಾಲು ಅಳೆಯೋಳು. ರಾತ್ರಿ ಮಗ್ಗುಲು ತಿರುಗಿಸೋದು ಗೊತ್ತಾ? ಕಫ ಕಟ್ಟಿದರೆ ಬೆನ್ನು ತಟ್ಟೋದು ಗೊತ್ತಾ?"

"ಕಲಿಸು" ಎಂದಳು ದೊಡ್ಡವಳು. "ನೀನೂ ಹೊಟ್ಟೆಯಿಂದ ಕಲ್ತು ಬಂದಿರಲಿಲ್ಲವಲ್ಲ."

"ಕಲಿತರೆ ಸಾಕಂತೆ" ಎಂದ ತಂದೆ. "ಅಲ್ಲಿ ನರ್ಸ್ ಮುಂದೆ ಎತ್ತಿ, ಕೂರಿಸಿ, ಉಣಿಸಿ ತೋರಿಸಬೇಕು. ಪಾಸಾದರೆ ಕಳಿಸ್ತಾರೆ."

"ಫೇಲಾದರೆ?"

"ಆಮೇಲೆ ಬೇರೆಯವರ ಹೆಸರು ಬರೆಸಿ ಟಿಕೆಟ್ಟು ಮಾಡೋಕೆ ಸಮಯ ಇರಲ್ಲ. ಆ ಜಾಗ ಕಾಯ್ತಿರೋ ಇನ್ನೊಂದು ಮಗುಗೆ ಹೋಗುತ್ತಂತೆ. ಟೋಪಿ ಮೇಡಂ ಹೇಳಿದ್ರು." ಟ್ರಸ್ಟಿನ ಮೇಡಂ ಸದಾ ಹುಲ್ಲಿನ ಟೋಪಿ ಹಾಕುತ್ತಿದ್ದಳು.

"ಜನಕ್ಕೆ ಟೋಪಿ ಹಾಕೋರನ್ನ ಕಂಡಿದೀನಿ, ತಾನೇ ಹಾಕ್ಕೊಳ್ಳೋಳನ್ನ ಇವಳನ್ನೇ ಕಂಡಿದ್ದು" ಎಂದಳು ಅಜ್ಜಿ. "ಹಂಗಾದರೆ ಒಳ್ಳೆಯವಳೇ ಇರಬೇಕು. ಕಲಿಸಮ್ಮ ಸೊಸೆ. ಮಗು ಸಮುದ್ರ ನೋಡಬೇಕೋ ಬೇಡವೋ?"

ಆ ಮಧ್ಯಾಹ್ನ ಮೆಣಸಿನ ತಲೆ ಬಾಚುತ್ತ ತಾಯಿ ಕೇಳಿಯೇಬಿಟ್ಟಳು. ಕೇಳಬಾರದೆಂದು ಇಷ್ಟು ದಿನ ತಡೆದುಕೊಂಡಿದ್ದಳು.

"ನಾನು ಯಾಕೆ ಬೇಡ?"

"ಬೇಡ ಅಂತಲ್ಲ."

"ಮತ್ತೆ?"

ಮಗು ಗೋಡೆಯನ್ನು ನೋಡಿತು. "ನೀನು ಬಂದರೆ ಮನೇನೂ ಜೊತೆಗೆ ಬರುತ್ತೆ."

ತಾಯಿ ಜಡೆ ಕಟ್ಟಿದಳು. ಬಿಗಿಯಾಯಿತೆಂದು ಬಿಚ್ಚಿದಳು. ಮತ್ತೆ ಕಟ್ಟಿದಳು.

*

ಕಲಿಸುವುದು ಶುರುವಾಯಿತು. ದೊಡ್ಡವಳು ಅಂಗಡಿಯಿಂದ ಬಂದು ಕೈಕಾಲು ತೊಳೆದ ಮೇಲೆ ದಿನಾ ಸಂಜೆ ಅದೇ ಕೆಲಸ.

ತಾಯಿ ಒಳ್ಳೆಯ ಗುರುವಲ್ಲ. ಅವಳಿಗೆ ಗೊತ್ತಿದ್ದದ್ದೆಲ್ಲ ಕೈಯಲ್ಲಿತ್ತು, ಬಾಯಿಗೆ ಬರುತ್ತಿರಲಿಲ್ಲ. ಬೆನ್ನು ತಟ್ಟುವಾಗ ಅಂಗೈ ಬಟ್ಟಲಿನ ಹಾಗೆ ಬಾಗಿರಬೇಕು ಎನ್ನುವ ಬದಲು "ಹಂಗಲ್ಲ, ಹಿಂಗೆ" ಎನ್ನುತ್ತಿದ್ದಳು. ಹಾಲಿನಲ್ಲಿ ಬ್ರೆಡ್ಡು ಎಷ್ಟು ನೆನೆಯಬೇಕೆಂದರೆ "ಗೊತ್ತಾಗುತ್ತೆ" ಎನ್ನುತ್ತಿದ್ದಳು. ದೊಡ್ಡವಳು ರೇಗುತ್ತಿದ್ದಳು. ಮೆಣಸು ನಡುವೆ ಮಲಗಿ ಇಬ್ಬರಿಗೂ ಮಾರ್ಕು ಕೊಡುತ್ತಿತ್ತು.

"ಅಕ್ಕಂಗೆ ಹತ್ತಕ್ಕೆ ಆರು. ಅಮ್ಮಂಗೆ ಸಿಟ್ಟಿಗೆ ಹತ್ತಕ್ಕೆ ಹತ್ತು."

ಆದರೂ ದೊಡ್ಡವಳ ಕೈ ಪಳಗಿತು. ದಿನವಿಡೀ ಬಗ್ಗಿ ಎದ್ದು ಅಭ್ಯಾಸವಾಗಿದ್ದ ಸೊಂಟ ಗಟ್ಟಿಯಿತ್ತು. ಒಂದು ಸಂಜೆ ಅಂಗಡಿಯಿಂದ ತಂಗಿಗೆ ಒಂದು ಜೊತೆ ಕೆಂಪು ಚಪ್ಪಲಿ ತಂದಳು, ಮರಳಿನ ಮೇಲೆ ಹಾಕಿಕೊಳ್ಳುವಂಥದ್ದು.

"ಯಾಕೆ ದುಡ್ಡು ದಂಡ, ನಡೆಯೋಳಾ ಅವಳು?" ಎಂದುಬಿಟ್ಟಳು ತಾಯಿ.

"ನಡೆಯದಿದ್ದರೇ ಲಾಭ" ಎಂದಿತು ಮೆಣಸು. "ಸವೆಯೋದೇ ಇಲ್ಲ. ನಷ್ಟ ಏನಿದ್ರೂ ಅಂಗಡಿಯೋರಿಗೆ, ನಾನು ಇನ್ನೊಂದು ಜೊತೆ ಕೊಳ್ಳೋದೇ ಇಲ್ಲ."

ಎಲ್ಲ ಕಲಿಸಿದರೂ ಒಂದು ಉಳಿದಿತ್ತು.

ಮೆಣಸಿನ ಎಡಭುಜದ ಕೀಲು ಸಡಿಲ. ಕಂಕುಳಿಗೆ ಕೈ ಹಾಕಿ ಎತ್ತಿದರೆ ಜಾರುತ್ತದೆ. ಎತ್ತುವ ಮುನ್ನ ಆ ಕೈಯನ್ನು ಮಡಿಸಿ ಹೊಟ್ಟೆಯ ಮೇಲಿಟ್ಟು, ತನ್ನ ಮೊಣಕೈಯಿಂದ ಅದನ್ನು ಅದುಮಿಕೊಂಡು, ಆಮೇಲೆ ಬೆನ್ನಿನ ಕೆಳಗೆ ಕೈ ತೂರಿಸಬೇಕು. ಮಗು ತೀರ ಚಿಕ್ಕದಿದ್ದಾಗ ಒಮ್ಮೆ ಜಾರಿ, ಆಸ್ಪತ್ರೆಯಲ್ಲಿ ಕೀಲನ್ನು ಮತ್ತೆ ಕೂರಿಸುವುದನ್ನೂ ಜಾರದಂತೆ ನೋಡಿಕೊಳ್ಳುವುದನ್ನೂ ತಾಯಿಗೆ ಹೇಳಿಕೊಟ್ಟಿದ್ದರು. ಮಗುವನ್ನು ಎತ್ತುತ್ತಿದ್ದವಳು ಅವಳೊಬ್ಬಳೇ. ತಂದೆಗೆ ಬೆನ್ನುನೋವು, ಅಜ್ಜಿಗೆ ಮಂಡಿ. ಹಾಗಾಗಿ ಬೇರೆ ಯಾರಿಗೂ ಅದು ಗೊತ್ತಾಗುವ ಪ್ರಸಂಗವೇ ಬಂದಿರಲಿಲ್ಲ.

ಮೊದಲಿಗೆ ಅವಳು ಮರೆತದ್ದೇ ನಿಜ. ದೊಡ್ಡವಳು ಎತ್ತಲು ಬಗ್ಗುವ ಮೊದಲು ತಾಯಿಯ ಕೈ ತಾನಾಗಿ ಮುಂದೆ ಹೋಗಿ, ಹೊದಿಕೆ ಸರಿಸುವ ನೆಪದಲ್ಲೆಂಬಂತೆ, ಮಗುವಿನ ಎಡಗೈ ಮಡಿಸಿ ಹೊಟ್ಟೆಯ ಮೇಲೆ ಇಟ್ಟುಬಿಡುತ್ತಿತ್ತು. ಆಮೇಲೆ ಅವಳು ಹಿಂದೆ ಸರಿಯುತ್ತಿದ್ದಳು, ದೊಡ್ಡವಳು ಎತ್ತುತ್ತಿದ್ದಳು. ತನ್ನ ಕೈ ಹೀಗೆ ಮಾಡುತ್ತಿದೆ ಎಂಬುದು ತಾಯಿಗೇ ಹೊಳೆದದ್ದು ಒಂದು ಸಂಜೆ, ಕೈ ಇನ್ನೂ ಮಗುವಿನ ಹೊಟ್ಟೆಯ ಮೇಲಿರುವಾಗ. ಅಯ್ಯೋ, ಇದನ್ನು ಹೇಳೇ ಇಲ್ಲವಲ್ಲ ಎಂದು ಬಾಯಿ ತೆರೆದಳು.

ಅಷ್ಟರಲ್ಲಿ ದೊಡ್ಡವಳು ತಂಗಿಯನ್ನು ಸಲೀಸಾಗಿ ಎತ್ತಿ ಕುರ್ಚಿಗೆ ಕೂರಿಸಿ, ಕೈ ಕೊಡವಿಕೊಂಡಳು. "ಇಷ್ಟೇನಾ? ಇಷ್ಟಕ್ಕೆ ಇಷ್ಟು ವರ್ಷ ಆಕಾಶ ಹೊತ್ತಿರೋ ಥರ ಆಡ್ತಿದ್ದೆಯಲ್ಲಮ್ಮ!"

ತಮಾಷೆಗೆ ಹೇಳಿದ್ದು. ಅಜ್ಜಿಯೂ ನಕ್ಕಳು, ಮೆಣಸೂ ನಕ್ಕಿತು.

ತಾಯಿ ಬಾಯಿ ಮುಚ್ಚಿಕೊಂಡಳು. ನಾಳೆ ಹೇಳಿದರಾಯಿತು ಎಂದುಕೊಂಡಳು. ಮಾರನೆಯ ದಿನ ಲಾಂಡ್ರಿಯಲ್ಲಿ ಹೋಟೆಲಿನ ಹಾಸಿಗೆ ಬಟ್ಟೆಗಳ ರಾಶಿ, ಬರುವಾಗಲೇ ಕತ್ತಲೆ. ಅದರ ಮಾರನೆಯ ದಿನ ದೊಡ್ಡವಳು ತಡವಾಗಿ ಬಂದಳು. ಆಮೇಲಿನ ದಿನಗಳಿಗೆ ಅಂಥ ಕಾರಣಗಳೂ ಇರಲಿಲ್ಲ. ಹೇಳಲಿಲ್ಲ, ಅಷ್ಟೇ. ಆದರೆ ದಿನಾ ಸಂಜೆ ಕೈ ಮಾತ್ರ ಮುಂದೆ ಹೋಗಿ ತನ್ನ ಕೆಲಸ ಮಾಡುತ್ತಿತ್ತು. ನಾನಿಲ್ಲದೆ ಆಗುವುದಿಲ್ಲ ಎಂದು ಅದು ಒಳಗೊಳಗೇ ಹೇಳುತ್ತಿದ್ದದ್ದನ್ನು ಅವಳು ಕೇಳಿಸಿಕೊಂಡೂ ಸುಮ್ಮನಿದ್ದಳು. ಮೆಣಸು ಆಗೀಗ ಅವಳ ಮುಖವನ್ನೇ ನೋಡುತ್ತಿತ್ತು.

*

ಪರೀಕ್ಷೆ ನಡೆದದ್ದು ಟ್ರಸ್ಟಿನ ಉದ್ದನೆಯ ಹಾಲಿನಲ್ಲಿ. ನಡುವೆ ಒಂದು ಎತ್ತರದ ಮಂಚ, ಪಕ್ಕದಲ್ಲಿ ಗಾಲಿಕುರ್ಚಿ, ಗೋಡೆಯುದ್ದಕ್ಕೂ ಬೆಂಚು. ನಾಲ್ಕೈದು ಮಕ್ಕಳು, ಅವರ ಮನೆಯವರು. ಅಜ್ಜಿ ಹೊಸ ಶಾಲು ಹೊದ್ದು ಬಂದಿದ್ದಳು. ತಂದೆ ನಿದ್ದೆಗೆಟ್ಟು ಬಂದು, ಬೆಂಚಿನ ಮೇಲೆ ಕೂತೇ ತೂಕಡಿಸುತ್ತಿದ್ದ.

ನರ್ಸು ದಪ್ಪ ಮೀಸೆಯ, ಮೆಲುದನಿಯ ಮನುಷ್ಯ. "ಜೊತೆಗೆ ಹೋಗೋರು ಮಾತ್ರ ಮಂಚದ ಹತ್ತಿರ ಬನ್ನಿ. ಉಳಿದೋರು ಕೂತ್ಕೊಳ್ಳಿ. ಅಲ್ಲಿ ನೀವಿರಲ್ಲ ನೋಡಿ, ಅದಕ್ಕೆ."

ತಾಯಿ ಮಂಚದ ತನಕ ಹೋಗಿದ್ದವಳು ಹಿಂದೆ ಬಂದು ಕೂತಳು. ಕೂತ ಮೇಲೆ ನೋಡಿದಳು: ಮಗುವಿನ ಎಡಗೈ ಮಂಚದ ಮೇಲೆ, ಪಕ್ಕಕ್ಕೆ, ನೇರವಾಗಿ ಚಾಚಿಕೊಂಡಿತ್ತು.

ಹೇಳಬೇಕು. ಈಗ. ಏಳಬೇಕು.

ದೊಡ್ಡವಳು ಮೊದಲು ಉಣಿಸಿದಳು, ಸರಿಯಾಗಿ. ಬೆನ್ನು ತಟ್ಟಿದಳು, ಅಂಗೈ ಬಟ್ಟಲಾಗಿತ್ತು. ನರ್ಸು ತಲೆದೂಗಿದ. "ಈಗ ಕುರ್ಚಿಗೆ."

ಮಂಚ ಮನೆಯದಕ್ಕಿಂತ ಎತ್ತರವಿತ್ತು. ಬೆನ್ನಿನ ಕೆಳಗೆ ಕೈ ಸರಿಯಾಗಿ ತೂರಲಿಲ್ಲವೆಂದು ದೊಡ್ಡವಳು ಹಿಡಿತ ಬದಲಿಸಿದಳು. ಎರಡೂ ಕೈ ಕಂಕುಳಿಗೆ ಹೋದವು. ತಾಯಿ ಬೆಂಚಿನಿಂದ ಎದ್ದು ನಿಂತಳು. ಮಗು ಮೇಲೆದ್ದಿತು, ಗಾಳಿಯಲ್ಲಿ ಅರ್ಧ ಸುತ್ತು ತಿರುಗಿತು, ಕುರ್ಚಿಯಲ್ಲಿ ಕೂತಿತು.

ಯಾವ ಸದ್ದೂ ಬರಲಿಲ್ಲ. ಮಗುವಿನ ತುಟಿ ಮಾತ್ರ ಕಾಗದದ ಬಣ್ಣಕ್ಕೆ ತಿರುಗಿತ್ತು. ಎಡಭುಜ ಅಂಗಿಯೊಳಗೆ ಒಂದು ಬೆರಳಿನಷ್ಟು ಕೆಳಗಿತ್ತು. ಅದನ್ನು ಕಾಣಲು ಅದನ್ನು ಬಲ್ಲ ಕಣ್ಣೇ ಬೇಕಿತ್ತು.

"ನೋವಾಯ್ತಾ ಮರಿ?" ನರ್ಸು ಬಗ್ಗಿ ಕೇಳಿದ.

ಮೆಣಸು ಉಸಿರು ಎಳೆದುಕೊಂಡಿತು. "ಅಂಕಲ್, ನಿಮ್ಮ ಮೀಸೆ ಒಂದು ಕಡೆ ಉದ್ದ ಇದೆ. ಸಮುದ್ರಕ್ಕೆ ಹೋಗೋಕೆ ಮುಂಚೆ ಕತ್ತರಿಸ್ಕೊಳ್ಳಿ, ಮೀನು ಕಚ್ಕೊಳ್ಳುತ್ತೆ."

ಹಾಲೆಲ್ಲ ಗೊಳ್ಳೆಂದಿತು. ತಂದೆ ಎಚ್ಚರಗೊಂಡು, ಏನೆಂದು ಗೊತ್ತಿಲ್ಲದಿದ್ದರೂ ತಾನೂ ನಕ್ಕ. ಟೋಪಿ ಮೇಡಂ ಕಣ್ಣೊರೆಸಿಕೊಂಡು, "ಈ ಹುಡುಗಿ ನಮಗೆ ಬೇಕೇ ಬೇಕು" ಎಂದಳು. ದೊಡ್ಡವಳ ಮುಖ ಅರಳಿತು. ಹಾಗೆ ಅರಳಿದ್ದನ್ನು ತಾಯಿ ಎಷ್ಟು ಕಾಲದಿಂದ ನೋಡಿರಲಿಲ್ಲವೋ.

ತಾಯಿ ನಿಂತೇ ಇದ್ದಳು. "ಏನಮ್ಮಾ?" ಎಂದ ನರ್ಸು.

ಒಂದು ಮಾತು ಸಾಕಿತ್ತು. ದೊಡ್ಡವಳು ಫೇಲು, ಮಗುವಿನ ಜಾಗ ಬೇರೆಯವರಿಗೆ, ಎಲ್ಲರೂ ಮನೆಗೆ. ಮಗು ಅವಳನ್ನೇ ನೋಡುತ್ತಿತ್ತು, ಕಣ್ಣು ಮಿಟುಕಿಸದೆ.

"ಬಾಯಾರಿರುತ್ತೆ ಅವಳಿಗೆ" ಎಂದಳು ತಾಯಿ. "ನೀರು ಕುಡಿಸ್ತೀನಿ."

ಗಾಲಿಕುರ್ಚಿಯನ್ನು ತಳ್ಳಿಕೊಂಡು ಹಾಲಿನ ಹಿಂದಿನ ಕಿರುಕೋಣೆಗೆ ಹೋಗಿ ಬಾಗಿಲು ಹಾಕಿದಳು. ಮಗುವಿನ ಮೊಣಕೈ ಮಡಿಸಿ, ಹೊರಕ್ಕೆ ತಿರುಗಿಸಿ, ಹೆಬ್ಬೆರಳಿನಿಂದ ಮೆಲ್ಲಗೆ ಒತ್ತಿದಳು. ಕೀಲು ಒಳಗೆ ಕೂತಿತು. ಆಗ ಮೆಣಸಿನ ಕಣ್ಣಿಂದ ನೀರು ಇಳಿಯಿತು, ಅದೂ ಸದ್ದಿಲ್ಲದೆ. ತಾನು ಒರೆಸಿಕೊಳ್ಳಲಾರದು. ತಾಯಿ ಒರೆಸಿದಳು.

"ಯಾಕೆ ಕಿರುಚಲಿಲ್ಲ?"

"ಕಿರುಚಿದ್ರೆ ಹೋಗೋಕೆ ಬಿಡ್ತಿದ್ರಾ?"

"ಅಕ್ಕಂಗೆ ನೀನಾದರೂ ಹೇಳಬಹುದಿತ್ತಲ್ಲ, ಕೈ ವಿಷಯ."

"ನೀನು ಹೇಳ್ತೀಯ ಅಂತ ಕಾಯ್ತಿದ್ದೆ" ಎಂದಿತು ಮಗು. ದನಿಯಲ್ಲಿ ದೂರು ಇರಲಿಲ್ಲ. ಬಸ್ಸು ಕಾಯುತ್ತಿದ್ದೆ ಎಂಬಂತೆ ಹೇಳಿತು. "ದಿನಾ ಇವತ್ತು ಹೇಳ್ತೀಯ, ಇವತ್ತು ಹೇಳ್ತೀಯ ಅಂತ."

ತಾಯಿ ಲೋಟದಲ್ಲಿ ನೀರು ಹಿಡಿದು ಕುಡಿಸಿದಳು. ಅರ್ಧ ನೀರು ಮಗುವಿನ ಗಲ್ಲದ ಮೇಲೆ ಹೋಯಿತು. ಅವಳ ಕೈ ಅಷ್ಟು ನಡುಗಿದ್ದು ಅದೇ ಮೊದಲು.

*

ಅಂದು ಸಂಜೆ ಅವಳು ಅಡುಗೆಗೆ ಮುಂಚೆಯೇ ದೊಡ್ಡವಳನ್ನು ಕರೆದಳು. "ಬಾ. ಒಂದು ಉಳಿದಿದೆ."

"ಪಾಸಾಯ್ತಲ್ಲಮ್ಮ?"

"ಬಾ ಅಂದೆ."

ಈ ಸಲ ಹಿಂಗೆ, ಹಂಗೆ ಎನ್ನಲಿಲ್ಲ. ಕೀಲು ಎಲ್ಲಿದೆ, ಹೇಗೆ ಜಾರುತ್ತದೆ, ಮೊದಲು ಯಾವ ಕೈ, ಆಮೇಲೆ ಯಾವುದು, ಜಾರಿದರೆ ಹೇಗೆ ಕೂರಿಸಬೇಕು, ಮಂಚ ಎತ್ತರವಿದ್ದರೆ ಏನು ಮಾಡಬೇಕು ಎಂದು ಮಾತು ಮಾತಾಗಿ ಹೇಳಿದಳು. ತಾನು ದೂರ ನಿಂತು, ಎರಡೂ ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡು, ಮತ್ತೆ ಮತ್ತೆ ಮಾಡಿಸಿದಳು.

"ಇಷ್ಟು ಮುಖ್ಯವಾದದ್ದನ್ನ ಮೊದಲೇ ಯಾಕೆ ಹೇಳಲಿಲ್ಲ?" ದೊಡ್ಡವಳ ದನಿ ಏರಿತು. "ಇವತ್ತು ಅಲ್ಲೇ ಏನಾದರೂ ಆಗಿದ್ದರೆ?"

"ಮರೆತಿದ್ದೆ."

"ಮರೆತಿದ್ಯಾ! ನೀನು?"

"ಏನೂ ಆಗಿಲ್ಲವಲ್ಲ" ಎಂದಿತು ಮೆಣಸು ಅಕ್ಕನ ತೋಳಿನಿಂದಲೇ. "ಅಕ್ಕಾ, ಜಗಳ ಆಮೇಲೆ ಆಡು, ಮೊದಲು ನನ್ನ ಕೆಳಗಿಳಿಸು. ಗಾಳೀಲಿದೀನಿ."

ಅಜ್ಜಿ ಬಟಾಣಿ ಬಿಡಿಸುತ್ತ ಬಾಗಿಲ ಬಳಿ ಕೂತಿದ್ದಳು. ಏನೂ ಅನ್ನಲಿಲ್ಲ. ಅವಳು ಏನೂ ಅನ್ನದಿರುವುದು ಆ ಮನೆಯಲ್ಲಿ ಅಪರೂಪ.

ಹೊರಡುವ ದಿನ ಟ್ರಸ್ಟಿನ ವ್ಯಾನು ಬೀದಿಯ ತುದಿಯವರೆಗೆ ಬಂತು. ದೊಡ್ಡವಳೇ ತಂಗಿಯನ್ನು ಮೂರನೇ ಮಹಡಿಯಿಂದ ಇಳಿಸಿದಳು. ತಂದೆ ಸೂಟ್‌ಕೇಸು ಹಿಡಿದಿದ್ದ. ತಾಯಿಯ ಕೈ ಬರಿದಾಗಿತ್ತು, ಎಲ್ಲಿಡಬೇಕೆಂದು ತಿಳಿಯದೆ ಮೆಟ್ಟಿಲ ಕಂಬಿ ಹಿಡಿದುಕೊಂಡು ಇಳಿದಳು. ವ್ಯಾನಿನ ಬಾಗಿಲು ಹಾಕುವ ಮುಂಚೆ ಟೋಪಿ ಮೇಡಂ ಅವಳ ಭುಜ ತಟ್ಟಿ, "ಎಷ್ಟು ಚೆನ್ನಾಗಿ ತಯಾರು ಮಾಡಿದೀರಿ! ಮುಂದಿನ ವರ್ಷ ನೀವೇ ಬಂದು ಬೇರೆಯವರಿಗೂ ಕಲಿಸಬೇಕು" ಎಂದಳು. ತಾಯಿ ಮೆಣಸಿನ ಕಡೆ ನೋಡಲಾರದೆ, ಅದರ ಕೆಂಪು ಚಪ್ಪಲಿಯನ್ನು ನೋಡಿದಳು.

ಮನೆಯಲ್ಲಿ ಕೆಲಸವೇ ಮುಗಿದುಹೋದಂತಾಯಿತು. ಹಾಸಿಗೆ ಬಟ್ಟೆ ಒಗೆದಳು, ಒಣಗುವ ಮೊದಲೇ ಇಸ್ತ್ರಿ ಮಾಡಿದಳು. ಐವರಿಗೆ ಅಳೆದು ಅಭ್ಯಾಸವಾದ ಕೈ ಪಾತ್ರೆ ತುಂಬ ಸೂಪು ಮಾಡಿತು. "ಯಾರಿಗೆ ಇಷ್ಟು? ಸಮುದ್ರಕ್ಕೆ ಪೈಪು ಹಾಕ್ತೀಯಾ?" ಎಂದ ತಂದೆ. ಮಧ್ಯಾಹ್ನದ ನಿದ್ದೆಯಿಂದೆದ್ದು, ಪಾಳಿಗೆ ಹೋಗುವ ಮುನ್ನ ಅವನು ಊಟಕ್ಕೆ ಕೂತಿದ್ದ. ಆಗ ಫೋನು ಬಂತು.

ಗಾಳಿಯ ಗದ್ದಲ, ಅದರೊಳಗಿಂದ ಮೆಣಸಿನ ಕಿರುಚಾಟ. "ಅಮ್ಮಾ, ನೀರು ಉಪ್ಪು! ನಿಜವಾಗ್ಲೂ ಉಪ್ಪು! ಅಲೆ ಬಂದು ಚಪ್ಪಲಿ ಎಳ್ಕೊಂಡು ಹೋಯ್ತು, ಒಂದು ಕಾಲಿಂದು!"

ಆಮೇಲೆ ದೊಡ್ಡವಳು. ಮೂಗು ಸುಟ್ಟಿದೆ ಎಂದಳು, ಬೆನ್ನು ನೋವು ಎಂದಳು, ರಾತ್ರಿ ನಿದ್ದೆಯೇ ಇಲ್ಲ ಎಂದಳು. ಆಮೇಲೆ, "ನೀನು ಹೇಗೆ ಮಾಡ್ತಿದ್ದೆಯಮ್ಮ ಇಷ್ಟು ವರ್ಷ?" ಎಂದಳು. ಉತ್ತರಕ್ಕೆ ಕಾಯದೆ ಮುಂದುವರಿಸಿದಳು. "ಇನ್ನೊಂದು ವಿಷಯ. ಇಲ್ಲಿ ಒಬ್ಬರು ಅಪ್ಪ ಮಗನ್ನ ಕಂಕುಳಲ್ಲಿ ಹಿಡಿದು ಎತ್ತೋಕೆ ಹೋದರು. ಆ ಹುಡುಗನ ಭುಜಾನೂ ನಮ್ಮವಳ ಥರಾನೇ ಸಡಿಲ. ನಾನು ಓಡಿಹೋಗಿ ತಡೆದೆ. ಮೊದಲು ಕೈ ಮಡಿಸಿ ಅಂತ ತೋರಿಸಿಕೊಟ್ಟೆ. ನರ್ಸು ಯಾರು ಕಲಿಸಿದ್ದು ಅಂದರು. ನಮ್ಮಮ್ಮ ಅಂದೆ."

ತಾಯಿ ಫೋನನ್ನು ಇನ್ನೊಂದು ಕಿವಿಗೆ ಬದಲಿಸಿಕೊಂಡಳು.

"ಅಮ್ಮಾ? ಇದೀಯಾ?"

"ಇದೀನಿ. ಎತ್ತುವಾಗ ಭಯ ಆಗುತ್ತಾ ನಿನಗೆ?"

"ಇಲ್ಲಪ್ಪ. ಯಾಕೆ ಭಯ? ಅಲ್ಲಿ ಪರೀಕ್ಷೇಲೇ ಏನೂ ಆಗದ ಹಾಗೆ ಎತ್ತಿದೆನಲ್ಲ."

ಫೋನಿಟ್ಟ ಮೇಲೆ ತಂದೆ ಎಲ್ಲವನ್ನೂ ಮತ್ತೊಮ್ಮೆ ಹೇಳಿಸಿಕೊಂಡ. ಚಪ್ಪಲಿ ಹೋದದ್ದಕ್ಕೆ ಹೊಟ್ಟೆ ಹಿಡಿದು ನಕ್ಕ. ಅವನು ಬೇಕರಿಗೆ ಹೋದ ಮೇಲೆ ಅತ್ತೆ ಸೊಸೆ ಇಬ್ಬರೇ ಮೇಜಿನಲ್ಲಿ ಉಳಿದರು. ಅಜ್ಜಿ ಬ್ರೆಡ್ಡಿನ ಅಂಚನ್ನು ಒಸಡಿನಲ್ಲಿ ಮೆತ್ತಗೆ ಮಾಡುತ್ತ, ಸೊಸೆಯನ್ನು ನೋಡದೆ ಕೇಳಿದಳು.

"ಅವತ್ತು ಪರೀಕ್ಷೇಲಿ ಏನಾಯ್ತು?"

"ಯಾವತ್ತು?"

"ನಾನು ಮುದುಕಿ, ಕುರುಡಿ ಅಲ್ಲ. ನೀರು ಕುಡಿಸೋಕೆ ಯಾರಾದರೂ ಬಾಗಿಲು ಹಾಕ್ಕೋತಾರಾ? ಹೇಳು, ನನ್ನ ಹೊಟ್ಟೇಲಿ ಇರುತ್ತೆ."

ಇರುವುದಿಲ್ಲ. ಅತ್ತೆಯ ಹೊಟ್ಟೆಯಲ್ಲಿ ಊಟವೊಂದನ್ನು ಬಿಟ್ಟು ಏನೂ ನಿಲ್ಲುವುದಿಲ್ಲವೆಂದು ತಾಯಿಗೆ ಗೊತ್ತಿತ್ತು. ಹೇಳಿಬಿಟ್ಟರೆ ಬೈಯುತ್ತಾರೆ, ಬೈಗುಳ ತಿಂದು ಅತ್ತು ಹಗುರಾಗಬಹುದು. ನಾಲಿಗೆ ತುದಿಯವರೆಗೆ ಬಂದಿತ್ತು. ಆದರೆ ಈ ಮಾತಿಗೆ ಕಾಲು ಮೂಡಿ ಅದು ದೊಡ್ಡವಳನ್ನು ಮುಟ್ಟಿದ ದಿನ, ಪರೀಕ್ಷೆಯಲ್ಲಿ ತನ್ನ ಕೈಯಲ್ಲೇ ಭುಜ ಜಾರಿತ್ತೆಂದು ಅವಳಿಗೆ ತಿಳಿದ ದಿನ, ಆ ಕೈಗೆ ಹೆದರಿಕೆ ಬರುತ್ತದೆ. ಹೆದರಿದ ಕೈ ಹೇಗೆ ನಡುಗುತ್ತದೆಂದು ಆ ಕಿರುಕೋಣೆಯಲ್ಲಿ ಅವಳು ನೋಡಿದ್ದಳು.

"ಏನೂ ಆಗಲಿಲ್ಲ ಅತ್ತೆ" ಎಂದಳು. "ಸೂಪು ಆರ್ತಿದೆ, ಕುಡೀರಿ."

ಅಜ್ಜಿ ಬಟ್ಟಲನ್ನು ಹತ್ತಿರಕ್ಕೆ ಎಳೆದುಕೊಂಡಳು. ತಾಯಿ ಎದ್ದು ತಟ್ಟೆಗಳನ್ನು ಒಂದರ ಮೇಲೊಂದು ಜೋಡಿಸಿ, ನಲ್ಲಿ ತಿರುಗಿಸಿ, ತೊಳೆಯತೊಡಗಿದಳು. ಅತ್ತೆಗಿಲ್ಲ, ಗಂಡನಿಗಿಲ್ಲ, ಮಕ್ಕಳು ಹಿಂತಿರುಗಿದ ಮೇಲೂ ಇಲ್ಲ. ಯಾರಿಗೂ ಹೇಳುವುದಿಲ್ಲ ಎಂದು, ಕೊನೆಯ ತಟ್ಟೆ ಒರೆಸಿಡುವ ಹೊತ್ತಿಗೆ, ಅವಳು ನಿರ್ಧರಿಸಿಯಾಗಿತ್ತು.